ಟರ್ಬೊ ಇಲ್ಲದ ಸಣ್ಣ ಕಾರಿಗೆ ಪಿಕಪ್ ಬೇಕಾ? ಸೈಲೆನ್ಸರ್‌ನಿಂದ ಶುರು ಮಾಡಬೇಡಿ

ಸೈಲೆನ್ಸರ್ ಬದಲಿಸಿದ ಕೂಡಲೇ ಕಾರಿಗೆ ಪಿಕಪ್ ಬಂತು ಅಂತ ಹೇಳುವ ಯುವಕರು ಮಂಗಳೂರಿನಿಂದ ಕಾಸರಗೋಡಿನವರೆಗೆ ಎಲ್ಲ ಕಡೆ ಸಿಗುತ್ತಾರೆ. ಅಲ್ಲಿ ಜಾಸ್ತಿಯಾಗಿರುವುದು ಹೆಚ್ಚಾಗಿ ಸದ್ದು ಮಾತ್ರ.

ಟರ್ಬೊ ಇಲ್ಲದ ಎಂಜಿನ್‌ಗೆ ಗಾಳಿಯನ್ನು ಯಾರೂ ಒತ್ತಿ ತುಂಬುವುದಿಲ್ಲ. ಪಿಸ್ಟನ್ ಕೆಳಗಿಳಿಯುವಾಗ ಅದು ತಾನಾಗಿ ಎಳೆದುಕೊಂಡಷ್ಟೇ ಗಾಳಿ. ಸುಮಾರು 14.7 ಕೆ.ಜಿ. ಗಾಳಿಗೆ ಒಂದು ಕೆ.ಜಿ. ಪೆಟ್ರೋಲ್ ಎಂಬುದು ಲೆಕ್ಕ. ಗಾಳಿ ಹೆಚ್ಚದೆ ಪೆಟ್ರೋಲ್ ಸುರಿದರೆ ಹೊಗೆ ಬರುತ್ತದೆಯೇ ಹೊರತು ಶಕ್ತಿ ಬರಲ್ಲ. ಟರ್ಬೊ ಕಾರಿನಲ್ಲಿ ಇಸಿಯು ರೀಮ್ಯಾಪ್ ಒಂದರಿಂದಲೇ ಶೇ.20ರಷ್ಟು ಶಕ್ತಿ ಹೆಚ್ಚಿಸಬಹುದು. ಇಲ್ಲಿ ಹಾಗಲ್ಲ. 2018ರ ಸ್ವಿಫ್ಟ್ ಪೆಟ್ರೋಲ್ ಕಾರಿನ 1,197 ಸಿಸಿ ಎಂಜಿನ್‌ಗೆ ಇರುವುದು 83 ಪಿಎಸ್. ಫಿಲ್ಟರ್, ಎಕ್ಸಾಸ್ಟ್, ರೀಮ್ಯಾಪ್ ಮೂರೂ ಸೇರಿ ಏಳೆಂಟು ಪಿಎಸ್ ಕೊಟ್ಟರೆ ಅದೇ ದೊಡ್ಡದು.

ಹಾಗಾಗಿ ಮೊದಲ ಕೆಲಸ, ಎಂಜಿನ್ ಈಗಾಗಲೇ ಕಳೆದುಕೊಂಡಿರುವುದನ್ನು ವಾಪಸ್ ಪಡೆಯುವುದು. ಆರೇಳು ವರ್ಷ ಓಡಿದ ಗಾಡಿಯಲ್ಲಿ ಏರ್ ಫಿಲ್ಟರ್ ಕಟ್ಟಿರುತ್ತದೆ, ಸ್ಪಾರ್ಕ್ ಪ್ಲಗ್ ಸವೆದಿರುತ್ತದೆ, ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿರುತ್ತದೆ. ಇವನ್ನು ಸರಿ ಮಾಡಿಸಿ ಒಮ್ಮೆ ಕಂಪ್ರೆಷನ್ ಟೆಸ್ಟ್ ಮಾಡಿಸಬೇಕು. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಉಳಿದವುಗಳಿಗಿಂತ ತುಂಬಾ ಕಡಿಮೆ ತೋರಿಸಿದರೆ ಮಾಡಿಫಿಕೇಶನ್ ಮಾತು ಅಲ್ಲಿಗೇ ನಿಲ್ಲಿಸಿ, ಮೊದಲು ರಿಪೇರಿ.

ಎರಡನೆಯದು ಚಕ್ರ. 15 ಇಂಚಿನ ಜಾಗಕ್ಕೆ 17 ಇಂಚಿನ ಭಾರದ ಅಲಾಯ್ ಹಾಕಿಸಿದರೆ ಗಾಡಿ ನೋಡಲು ಗಮ್ಮತ್ತು, ಎಳೆಯಲು ಕಷ್ಟ. ತಿರುಗುವ ಭಾರ ಹೆಚ್ಚಾದಷ್ಟೂ ಪಿಕಪ್ ಕಡಿಮೆ. ಒಳ್ಳೆಯ ಟಯರ್, ಹೊಸ ಬ್ರೇಕ್ ಪ್ಯಾಡ್‌ಗೆ ಕೊಟ್ಟ ದುಡ್ಡು ವ್ಯರ್ಥವಾಗಲ್ಲ. ಡಿಕ್ಕಿಯಲ್ಲಿರುವ ದೊಡ್ಡ ಸಬ್‌ವೂಫರ್ ಪೆಟ್ಟಿಗೆ ಇಳಿಸಿದರೂ ಲಾಭವೇ, ಆದರೆ ಅದಕ್ಕೆ ಯಾರೂ ಒಪ್ಪಲ್ಲ.

ನಂತರ ಇನ್‌ಟೇಕ್. ಕಂಪನಿ ಡಬ್ಬಿಯೊಳಗೇ ಕೂರುವ, ತೊಳೆದು ಬಳಸುವ ಫಿಲ್ಟರ್ ಸಾಕು. ಬಾನೆಟ್ ಒಳಗೆ ತೆರೆದಿಡುವ ಕೋನ್ ಫಿಲ್ಟರ್ ಸದ್ದು ಚೆನ್ನಾಗಿ ಮಾಡುತ್ತದೆ, ಆದರೆ ಎಳೆಯುವುದು ಎಂಜಿನ್‌ನ ಬಿಸಿಗಾಳಿಯನ್ನು. ಬಿಸಿಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಇನ್ನು ಬಂಪರ್ ಕೆಳಗೆ ಪೈಪ್ ಇಳಿಸಿ ತಣ್ಣನೆ ಗಾಳಿ ಎಳೆಯುವ ವ್ಯವಸ್ಥೆ ನಮ್ಮ ಕರಾವಳಿಯ ಜೂನ್-ಜುಲೈ ಮಳೆಗೆ ಅಪಾಯ. ರಸ್ತೆಯಲ್ಲಿ ನಿಂತ ನೀರು ಸಿಲಿಂಡರ್‌ಗೆ ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು.

ಎಕ್ಸಾಸ್ಟ್‌ನಲ್ಲಿ ನಿಜವಾದ ಲಾಭವಿರುವುದು ಹಿಂದಿನ ಮಫ್ಲರ್‌ನಲ್ಲಲ್ಲ, ಎಂಜಿನ್‌ಗೆ ಅಂಟಿಕೊಂಡ ಹೆಡರ್‌ನಲ್ಲಿ. ತೊಂದರೆ ಏನೆಂದರೆ, ಈಗಿನ ಹೆಚ್ಚಿನ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅಲ್ಲೇ ಇರುತ್ತದೆ. ಅದನ್ನು ಕಿತ್ತರೆ ಚೆಕ್ ಎಂಜಿನ್ ಲೈಟ್ ಉರಿಯುತ್ತದೆ, ವಿಷಾನಿಲ ನೇರ ಹೊರಗೆ ಬರುತ್ತದೆ. ರೀಮ್ಯಾಪ್ ಕೊನೆಗೆ ಮಾಡಿಸುವುದು; ಬೇರೆ ಏನೂ ಬದಲಿಸದೆ ಮಾಡಿಸಿದರೆ ಸಿಗುವುದು ಮುಖ್ಯವಾಗಿ ಆಕ್ಸಿಲರೇಟರ್‌ನ ಚುರುಕು. ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಒಂದೇ ಡೈನೊದಲ್ಲಿ ಅಳೆದು ತೋರಿಸದ ಟ್ಯೂನರ್‌ಗೆ ದುಡ್ಡು ಕೊಡಬಾರದು.

ಕ್ಯಾಮ್‌ಶಾಫ್ಟ್ ಬದಲಾವಣೆ, ಕಂಪ್ರೆಷನ್ ರೇಶಿಯೊ ಏರಿಸುವುದು ಇದರ ಮುಂದಿನ ಹಂತ. ದೊಡ್ಡ ಶಕ್ತಿ ಇರುವುದು ಅಲ್ಲೇ. ಆದರೆ ಅದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಂಥ ಟ್ರ್ಯಾಕ್‌ನಲ್ಲಿ ಓಡುವ ಗಾಡಿಗೆ. ದಿನಾ ಟ್ರಾಫಿಕ್‌ನಲ್ಲಿ ಓಡಿಸುವವರಿಗೆ ಕೆಳಗಿನ ಆರ್‌ಪಿಎಂನಲ್ಲಿ ಎಳೆತವೇ ಕಡಿಮೆಯಾಗಬಹುದು.

ಇನ್ನು ಕಾನೂನು. ಕೇರಳದ ಪ್ರಕರಣವೊಂದರಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ ಎಂದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಬದಲಾವಣೆ ಒಂದೊಂದಕ್ಕೂ ಮಾಲಕರಿಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಲ್ಫ್‌ನಲ್ಲಿರುವ ಅಣ್ಣನ ಹೆಸರಿನಲ್ಲಿ ಗಾಡಿ ಇದ್ದರೆ ನೋಟಿಸ್ ಬರುವುದೂ ಅಣ್ಣನಿಗೇ. ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ಕ್ಲೈಮ್‌ಗೂ ತಕರಾರು ಬರಬಹುದು. ಸರ್ವಿಸ್, ಟಯರ್, ಬ್ರೇಕ್ ಪ್ಯಾಡ್, ಡಬ್ಬಿಯೊಳಗಿನ ಫಿಲ್ಟರ್‌ಗೆ ಈ ಭಯವಿಲ್ಲ.