ಔಷಧಿ ಚೀಟಿಯ ಮೂಲೆಯಲ್ಲೊಂದು ಲ್ಯಾಟಿನ್

ವೈದ್ಯರು ಬರೆದುಕೊಡುವ ಚೀಟಿಯನ್ನು ಓದಬಲ್ಲವನು ಔಷಧಿ ಅಂಗಡಿಯವನೊಬ್ಬನೇ ಎಂಬುದು ಹಳೆಯ ನಗೆಮಾತು. ಆದರೂ ಒಮ್ಮೆ ಕಣ್ಣು ಕಿರಿದು ಮಾಡಿಕೊಂಡು ನೋಡಿ. ಮಾತ್ರೆಯ ಹೆಸರಿನ ಪಕ್ಕದಲ್ಲಿ ‘ಬಿ.ಡಿ.’, ‘ಟಿ.ಡಿ.ಎಸ್.’, ‘ಎಚ್.ಎಸ್.’ ಎಂದು ಎರಡು ಮೂರು ಅಕ್ಷರಗಳು ಕಾಣಿಸುತ್ತವೆ. ನೋಡಲು ಇಂಗ್ಲಿಷ್ ಅಕ್ಷರಗಳು, ಆದರೆ ಮಾತು ಇಂಗ್ಲಿಷಿನದಲ್ಲ. ‘ಬಿಸ್ ದಿಎ’ ಎಂದರೆ ದಿನಕ್ಕೆ ಎರಡು ಸಲ. ‘ತೆರ್ ದಿಎ ಸುಮೆಂದುಮ್’ ಎಂದರೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳತಕ್ಕದ್ದು. ‘ಎಸ್.ಓ.ಎಸ್.’ ಎಂದು ಬರೆದಿದ್ದರೆ ಗಾಬರಿಯಾಗಬೇಕಿಲ್ಲ. ಅದು ಮುಳುಗುವ ಹಡಗಿನ ಕೂಗಲ್ಲ. ‘ಸಿ ಓಪುಸ್ ಸಿತ್’, ಅಂದರೆ ‘ಅಗತ್ಯ ಬಿದ್ದರೆ’ ಎಂಬ ಸೂಚನೆ. ರೋಮ್ ಸಾಮ್ರಾಜ್ಯ ಅಳಿದು ಹದಿನೈದು ಶತಮಾನಗಳಾದ ಮೇಲೂ ಅದರ ಭಾಷೆ ನಮ್ಮ ಜ್ವರ ಕೆಮ್ಮುಗಳ ಮೇಲ್ವಿಚಾರಣೆ ನಡೆಸುತ್ತಿದೆ.

ಇವುಗಳಲ್ಲೆಲ್ಲ ಅತ್ಯಂತ ಸೊಗಸಾದದ್ದು ‘ಎಚ್.ಎಸ್.’. ಮಲಗುವ ಮುನ್ನ ನುಂಗಬೇಕಾದ ಮಾತ್ರೆಯ ಮುಂದೆ ಇದನ್ನು ಬರೆಯುತ್ತಾರೆ. ಬಿಡಿಸಿ ಓದಿದರೆ ‘ಹೋರಾ ಸೋಮ್ನಿ’: ನಿದ್ದೆಯ ಹೊತ್ತಿನಲ್ಲಿ. ಗುಳಿಗೆಯೊಂದಕ್ಕೆ ಇಷ್ಟು ಚೆಲುವಾದ ಮಾತು ಬೇಕಿತ್ತೆ ಎನಿಸುತ್ತದೆ. ಸ್ವಲ್ಪ ಕಿವಿಗೊಟ್ಟರೆ ಇನ್ನೂ ಒಂದು ವಿಚಿತ್ರ ಗೊತ್ತಾಗುತ್ತದೆ. ‘ಹೋರಾ’ ನಮ್ಮ ಜ್ಯೋತಿಷಿಗಳ ಹೋರಾಶಾಸ್ತ್ರದ ಹೋರಾವೇ. ಗ್ರೀಕರ ಈ ಪದ ಒಂದು ಕಡೆ ರೋಮಿಗೂ ಇನ್ನೊಂದು ಕಡೆ ಭಾರತಕ್ಕೂ ಹೋಯಿತು. (‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಕಿತ್ತುಹಾಕಿದರೆ ‘ಹೋರಾ’ ಸಿಗುತ್ತದೆ ಎಂಬ ಜಾಣ ವ್ಯುತ್ಪತ್ತಿ ನಮ್ಮ ಜ್ಯೋತಿಷ ಗ್ರಂಥಗಳಲ್ಲಿದೆ. ಜಾಣತನಕ್ಕೆ ತಲೆದೂಗೋಣ, ಒಪ್ಪುವುದು ಕಷ್ಟ.) ಇನ್ನು ‘ಸೋಮ್ನುಸ್’ ಎಂಬುದು ಸಂಸ್ಕೃತದ ‘ಸ್ವಪ್ನ’ದ ಒಡಹುಟ್ಟು. ಬಿಸ್ ಮತ್ತು ದ್ವಿಃ, ತೆರ್ ಮತ್ತು ತ್ರಿಃ, ದಿಎಸ್ ಮತ್ತು ದಿವಸ, ಎಲ್ಲವೂ ಹೀಗೇ. ಇಗ್ನಿಸ್ ಎಂದರೆ ಅಗ್ನಿ, ವೋಕ್ಸ್ ಎಂದರೆ ವಾಕ್, ದೋನುಮ್ ಎಂದರೆ ದಾನ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬುಡದಿಂದ ಒಡೆದವಿರಬೇಕೆಂದು ಹೇಳಿದಾಗ ಇಂಥ ಹೋಲಿಕೆಗಳೇ ಅವನಿಗೆ ಆಧಾರವಾಗಿದ್ದವು. ಕನ್ನಡ ಆ ಮನೆತನದ್ದಲ್ಲ. ಆದರೂ ಸಂಸ್ಕೃತವನ್ನು ಬಾಯಲ್ಲಿ ಆಡಿಸಿಕೊಂಡು ಬೆಳೆದ ಕನ್ನಡಿಗನ ಕಿವಿಗೆ ಲ್ಯಾಟಿನ್ ಪೂರ್ತಿ ಪರಕೀಯವಾಗಿ ಕೇಳುವುದಿಲ್ಲ.

ಲ್ಯಾಟಿನ್ ಅರಿಯದವರನ್ನೂ ಈ ಮಾತುಗಳು ಸೆಳೆಯುವುದೇಕೆ? ಒಂದು ಕಾರಣ, ಅವುಗಳ ಬಿಗಿ. ‘ಫೆಸ್ತಿನಾ ಲೆಂತೆ’ ಎಂಬುದನ್ನು ತೆಗೆದುಕೊಳ್ಳಿ. ‘ಆತುರಪಡು, ನಿಧಾನವಾಗಿ’ ಎಂದು ಅರ್ಥ. ಸಾಮ್ರಾಟ ಅಗಸ್ಟಸ್‌ಗೆ ಪ್ರಿಯವಾಗಿದ್ದ ಗಾದೆ ಇದು; ಅವನು ಇದನ್ನು ಗ್ರೀಕಿನಲ್ಲಿ ಹೇಳುತ್ತಿದ್ದನಂತೆ. ವೆನಿಸ್ಸಿನ ಹೆಸರಾಂತ ಮುದ್ರಕ ಆಲ್ಡಸ್ ಮನೂಷಿಯಸ್ ತನ್ನ ಪುಸ್ತಕಗಳ ಮೇಲೆ ಅಚ್ಚುಹಾಕುತ್ತಿದ್ದ ಲಾಂಛನಕ್ಕೂ ಇದೇ ಅರ್ಥ: ಲಂಗರಿಗೆ ಸುತ್ತಿಕೊಂಡ ಡಾಲ್ಫಿನ್. ಒಂದು ಓಡುವಂಥದ್ದು, ಇನ್ನೊಂದು ಹಿಡಿದು ನಿಲ್ಲಿಸುವಂಥದ್ದು. ನಮ್ಮ ‘ನಿಧಾನವೇ ಪ್ರಧಾನ’ ಇದಕ್ಕೆ ಹತ್ತಿರ ಬಂದರೂ ಪೂರ್ತಿ ಸಮನಲ್ಲ. ನಾವು ಆತುರವನ್ನು ಬಿಟ್ಟೇಬಿಡುತ್ತೇವೆ. ಲ್ಯಾಟಿನ್ ಎರಡನ್ನೂ ಉಳಿಸಿಕೊಂಡು ಜಗಳಕ್ಕೆ ಹಚ್ಚುತ್ತದೆ.

ಈ ಬಿಗಿಗೆ ಕಾರಣ ವಿಭಕ್ತಿ ಪ್ರತ್ಯಯಗಳು. ಯಾರು, ಯಾರಿಗೆ, ಯಾವುದರಿಂದ ಎಂಬುದನ್ನೆಲ್ಲ ಪದದ ಬಾಲವೇ ಹೇಳಿಬಿಡುವುದರಿಂದ ಪುಟ್ಟ ಪುಟ್ಟ ಸಹಾಯಕ ಪದಗಳ ಕಾಟವಿಲ್ಲ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ‘ಮನೆಯಿಂದ’ ಎಂದು ನಾವು ಒಂದೇ ಪದದಲ್ಲಿ ಹೇಳುವುದನ್ನು ಇಂಗ್ಲಿಷಿನವರು ಬಿಡಿಸಿ ಹೇಳಬೇಕು. ಆದರೆ ಈ ಬಾಲದಿಂದಲೇ ಒಂದು ತಮಾಷೆಯೂ ನಡೆದಿದೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ, ಕಾಸು ಕೊಟ್ಟ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿಗಳು ಶುರುವಾದವು. ಅವಕ್ಕೆ ‘ಓಮ್ನಿಬುಸ್’ ಎಂಬ ಹೆಸರು ಬಂತು. ‘ಓಮ್ನಿಸ್’ ಎಂದರೆ ಎಲ್ಲ; ‘ಓಮ್ನಿಬುಸ್’ ಎಂದರೆ ಎಲ್ಲರಿಗೆ. ಜನರಿಗೆ ಅಷ್ಟುದ್ದ ಹೇಳಲು ಪುರಸೊತ್ತಿಲ್ಲ. ತಲೆ ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು: ಬಸ್. ಕನ್ನಡದಲ್ಲಾಗಿದ್ದರೆ ‘ಎಲ್ಲರಿಗೆ’ ಎಂಬುದನ್ನು ಮುರಿದು, ‘ಆರು ಗಂಟೆಯ ರಿಗೆ ಬಂತೇನ್ರೀ?’ ಎಂದು ಕೇಳಿದಂತಾಯಿತು. ಲೋಕದಲ್ಲಿ ಕೋಟ್ಯಂತರ ಜನ ದಿನವೂ ಹತ್ತಿ ಇಳಿಯುತ್ತಿರುವುದು ಬರಿಯ ಒಂದು ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯವನ್ನು. ಇಷ್ಟಕ್ಕೂ ಆ ‘ಬುಸ್’ ನಮಗೆ ಅಪರಿಚಿತವೇನಲ್ಲ. ‘ಗುರುಭ್ಯೋ ನಮಃ’ ಎನ್ನುವಾಗ ಬರುವ ‘ಭ್ಯಃ’ ಪ್ರತ್ಯಯವೂ ಅದೂ ದಾಯಾದಿಗಳು.

ಎರಡನೆಯ ಕಾರಣ, ಸವೆದ ನಾಣ್ಯದಂಥ ಪದಗಳೊಳಗೆ ಇನ್ನೂ ಉಳಿದಿರುವ ಚಿತ್ರಗಳು. ಚುನಾವಣೆ ಬಂದಾಗಲೆಲ್ಲ ‘ಕ್ಯಾಂಡಿಡೇಟ್’ ಎಂಬ ಪದ ಕೇಳುತ್ತೇವೆ. ‘ಕಾಂದಿದುಸ್’ ಎಂದರೆ ಬೆಳ್ಳಗೆ ಹೊಳೆಯುವ. ರೋಮಿನಲ್ಲಿ ಪದವಿಗೆ ಸ್ಪರ್ಧಿಸುವವರು ತಮ್ಮ ನಿಲುವಂಗಿಗೆ ಸುಣ್ಣದ ಪುಡಿ ಉಜ್ಜಿ ಇನ್ನಷ್ಟು ಬೆಳ್ಳಗೆ ಮಾಡಿಕೊಂಡು ಮತ ಕೇಳಲು ಬರುತ್ತಿದ್ದರು; ಅದಕ್ಕೇ ‘ಕಾಂದಿದಾತುಸ್’. ಗರಿಗರಿ ಖಾದಿಯ ನಮ್ಮ ಅಭ್ಯರ್ಥಿಗಳಿಗೆ ಎರಡು ಸಾವಿರ ವರ್ಷಗಳ ಪರಂಪರೆ ಇದೆ ಎಂದಾಯಿತು. ಕೆಲಸಕ್ಕೆ ಅರ್ಜಿ ಹಾಕುವಾಗ ಲಗತ್ತಿಸುವ ‘ಕರಿಕ್ಯುಲಮ್ ವಿಟೆ’ಗೆ ‘ಬದುಕಿನ ಓಟ’ ಎಂದರ್ಥ. ಆ ಎರಡು ಹಾಳೆಗಳ ಮೇಲೆ ಇದಕ್ಕಿಂತ ನಿಜವಾದ ಶೀರ್ಷಿಕೆ ಬರೆಯಲಾಗದು. ಓದಿದ ಕಾಲೇಜನ್ನು ‘ಆಲ್ಮಾ ಮಾತೆರ್’ ಎನ್ನುತ್ತೇವಲ್ಲ, ಅದು ‘ಉಣಿಸಿ ಬೆಳೆಸುವ ತಾಯಿ’. ರೋಮನ್ನರು ತಮ್ಮ ದೇವಿಯರನ್ನು ಕರೆಯುತ್ತಿದ್ದ ಮಾತು.

ಚೆಲುವು ನೋಡಬೇಕೆಂದರೆ ಸಸ್ಯಶಾಸ್ತ್ರಕ್ಕೇ ಹೋಗಬೇಕು. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರತಿ ಗಿಡಕ್ಕೂ ಎರಡೇ ಪದಗಳ ಹೆಸರು ಸಾಕೆಂದು ನಿರ್ಧರಿಸಿದ. ಅವನು ಕೊಟ್ಟ ಹೆಸರುಗಳಲ್ಲಿ ನಮ್ಮ ಹಿತ್ತಲಿನ ಗಿಡಗಳೂ ಇವೆ. ಅರಳಿಮರ ‘ಫೈಕಸ್ ರಿಲಿಜಿಯೋಸಾ’. ಶ್ರೀಗಂಧ ‘ಸ್ಯಾಂಟಲಮ್ ಆಲ್ಬಮ್’, ಅಂದರೆ ಬಿಳಿಯದು. ಸಂಜೆಮಲ್ಲಿಗೆಯ ಹೆಸರಿನಲ್ಲಿ ‘ಮಿರಾಬಿಲಿಸ್’, ಅಚ್ಚರಿಯದು, ಎಂಬ ಮೆಚ್ಚುಗೆ ಇದೆ. ಮುಟ್ಟಿದರೆ ಮುನಿಗೆ ‘ಮಿಮೋಸಾ ಪುಡಿಕಾ’ ಎಂದು ಹೆಸರು. ‘ಪುಡಿಕಾ’ ಎಂದರೆ ಲಜ್ಜಾವತಿ. ಒಂದೇ ಗಿಡ ಎಲೆ ಮುದುಡಿಕೊಂಡದ್ದನ್ನು ಕಂಡು ಕನ್ನಡಿಗ ಅದಕ್ಕೆ ಮುನಿಸು ಬಂತೆಂದ, ಲ್ಯಾಟಿನ್ ಬಲ್ಲವನು ನಾಚಿಕೆ ಬಂತೆಂದ! ನನ್ನ ಮತ ಕನ್ನಡಕ್ಕೆ. ಆದರೆ ಪಾರಿಜಾತದ ವಿಷಯದಲ್ಲಿ ಸೋಲೊಪ್ಪದೆ ವಿಧಿಯಿಲ್ಲ. ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಹೂವನ್ನೆಲ್ಲ ನೆಲಕ್ಕೆ ಸುರಿದು ಬರಿದಾಗಿ ನಿಲ್ಲುವ ಆ ಗಿಡಕ್ಕೆ ‘ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್’ ಎಂದು ಹೆಸರು. ‘ಆರ್ಬರ್ ಟ್ರಿಸ್ಟಿಸ್’ ಎಂದರೆ ದುಃಖದ ಮರ. ಹೊಸ ಸಸ್ಯವೊಂದನ್ನು ಲೋಕಕ್ಕೆ ಪರಿಚಯಿಸುವಾಗ ಅದರ ವರ್ಣನೆಯನ್ನೂ ಲ್ಯಾಟಿನ್‌ನಲ್ಲೇ ಬರೆಯಬೇಕೆಂಬ ನಿಯಮವಿತ್ತು. 2012ರ ಜನವರಿಯಿಂದ ಇಂಗ್ಲಿಷಾದರೂ ಆದೀತು ಎಂದಾಗಿದೆ. ಹೆಸರು ಮಾತ್ರ ಇಂದಿಗೂ ಲ್ಯಾಟಿನ್ ರೂಪದಲ್ಲೇ ಇರಬೇಕು.

ಉಚ್ಚಾರಣೆಯ ಬಗ್ಗೆ ಒಂದು ಮಾತು. ನಮ್ಮ ವಕೀಲರು ‘ಹೇಬಿಯಸ್ ಕಾರ್ಪಸ್’ ಎನ್ನುತ್ತಾರೆ, ಪ್ರಾಚೀನ ರೋಮನ್ನರು ‘ಹಬೇಆಸ್ ಕೊರ್ಪುಸ್’ ಎನ್ನುತ್ತಿದ್ದರು. ವಿಧಾನಸಭೆಯನ್ನು ‘ಸೈನೆ ಡೈ’ ಮುಂದೂಡುತ್ತಾರೆ. ಮೂಲದಲ್ಲಿ ಅದು ‘ಸಿನೆ ದಿಎ’, ‘ದಿನ ಗೊತ್ತುಮಾಡದೆ’. ನಮ್ಮ ಪತ್ರಿಕೆಗಳ ‘ಅನಿರ್ದಿಷ್ಟಾವಧಿ’ಯ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಹಗುರ ಎಂಬುದು ನಾಲಿಗೆಗೇ ಗೊತ್ತಾಗುತ್ತದೆ.

ಆದರೆ ನ್ಯಾಯಾಲಯದ ಲ್ಯಾಟಿನ್ ಬರಿಯ ಸೊಗಸಿನ ವಿಷಯವಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ರಾಜಾಜ್ಞೆಗಳನ್ನು ಅವುಗಳಲ್ಲಿನ ಮುಖ್ಯ ಪದಗಳಿಂದಲೇ ಗುರುತಿಸುತ್ತಿದ್ದರು, ನಾವು ಹಾಡನ್ನು ಅದರ ಪಲ್ಲವಿಯಿಂದ ಗುರುತಿಸುವ ಹಾಗೆ. ‘ಹೇಬಿಯಸ್ ಕಾರ್ಪಸ್’ ಬಂದದ್ದು ಹಾಗೆ. ಅದು ಸೆರೆಯಾಳಿಗೆ ಹೇಳಿದ ಮಾತಲ್ಲ, ಸೆರೆಯಲ್ಲಿಟ್ಟವನಿಗೆ ಹೇಳಿದ್ದು: ಆ ಮನುಷ್ಯನ ದೇಹವನ್ನು ತಂದು ನಮ್ಮ ಮುಂದೆ ನಿಲ್ಲಿಸು. ಹೆಸರಲ್ಲ, ಕಾಗದವಲ್ಲ, ದೇಹ. ಕನ್ನಡದಲ್ಲಿ ಇದನ್ನು ‘ಬಂದೀ ಪ್ರತ್ಯಕ್ಷೀಕರಣ’ ಎಂದು ಅನುವಾದಿಸಿದ್ದಾರೆ. ಅದು ಕನ್ನಡ ಹೌದೇ ಎಂದು ಕೇಳಬೇಡಿ. ನಮ್ಮ ಸಂವಿಧಾನದ 32 ಮತ್ತು 226ನೇ ವಿಧಿಗಳು ಹೆಸರಿಸುವ ಐದು ರಿಟ್‌ಗಳಲ್ಲಿ ಇದು ಮೊದಲನೆಯದು.

1975ರ ಜೂನ್ 26ರಂದು ಬೆಂಗಳೂರಿನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿತರಾದಾಗ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದ್ದು ಈ ಎರಡು ಲ್ಯಾಟಿನ್ ಪದಗಳೇ. ತುರ್ತುಪರಿಸ್ಥಿತಿಯಲ್ಲಿ ಇಂಥ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಹೇಳಿದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ಆ ದಿನಗಳಲ್ಲಿ ಬಂಧನವನ್ನು ಪ್ರಶ್ನಿಸಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕು ಯಾರಿಗೂ ಇಲ್ಲವೆಂದು ನಾಲ್ಕು-ಒಂದರ ಬಹುಮತದಿಂದ ತೀರ್ಪಿತ್ತಿತು. ಒಪ್ಪದ ಆ ಒಬ್ಬರು ನ್ಯಾಯಮೂರ್ತಿ ಎಚ್.ಆರ್. ಖನ್ನಾ. ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಪದವಿ ಅವರನ್ನು ದಾಟಿ ಇನ್ನೊಬ್ಬರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು. ಆ ತೀರ್ಪನ್ನು ಕೊನೆಗೆ ತಳ್ಳಿಹಾಕಿದ್ದು 2017ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹೀಗೆ ಬೀಗ ತೆರೆಯುವ ಲ್ಯಾಟಿನ್ ಇರುವ ಹಾಗೆ ಬೀಗ ಹಾಕುವ ಲ್ಯಾಟಿನ್ನೂ ಇದೆ. ಅತ್ಯಾಚಾರದಂಥ ಪ್ರಕರಣಗಳ ವಿಚಾರಣೆಯನ್ನು ‘ಇನ್ ಕ್ಯಾಮೆರಾ’ ನಡೆಸಬೇಕೆಂದು ಕಾನೂನು ಹೇಳುತ್ತದೆ. ‘ಕಾಮೆರಾ’ ಎಂದರೆ ಲ್ಯಾಟಿನ್‌ನಲ್ಲಿ ಕೋಣೆ. ಚಿತ್ರ ತೆಗೆಯುವ ಪೆಟ್ಟಿಗೆಗೆ ಆ ಹೆಸರು ಬಂದದ್ದೂ ‘ಕತ್ತಲೆ ಕೋಣೆ’ಯಿಂದಲೇ. ಮುಚ್ಚಿದ ಕೋಣೆಯಲ್ಲಿ, ಹೊರಗಿನವರಿಲ್ಲದೆ, ಎಂಬುದು ಇದರ ಅರ್ಥ. ಆದರೆ ಮೊದಲ ಬಾರಿ ಕೋರ್ಟು ಹತ್ತಿದ ಹೆಣ್ಣುಮಗಳ ಕಿವಿಗೆ ಅದು ಹೇಗೆ ಕೇಳೀತು? ತನ್ನ ಸಂಕಟವನ್ನು ಚಿತ್ರೀಕರಿಸುತ್ತಾರೆಂದೇ ಅವಳು ತಿಳಿದಾಳು. ರಕ್ಷಣೆಗೆಂದು ಇಟ್ಟ ಮಾತು ನೇರ ವಿರುದ್ಧ ಅರ್ಥ ಕೊಟ್ಟು ಹೆದರಿಸುವುದಾದರೆ ಅದರ ಸೊಗಸನ್ನು ಕಟ್ಟಿಕೊಂಡು ಏನಾಗಬೇಕು? ಇಂಗ್ಲೆಂಡಿನವರೇ ತಮ್ಮ ಕೋರ್ಟಿನ ದಾಖಲೆಗಳನ್ನು 1733ರಿಂದ ಇಂಗ್ಲಿಷಿಗೆ ತಂದರು. 1999ರ ಸಿವಿಲ್ ನಿಯಮಗಳಲ್ಲಿ ‘ಇನ್ ಕ್ಯಾಮೆರಾ’ ಮುಂತಾದವನ್ನು ಬಿಟ್ಟು ‘ಖಾಸಗಿಯಾಗಿ’ ಎಂಬರ್ಥದ ಸಾದಾ ಮಾತು ಹಾಕಿಕೊಂಡರು. ಅವರಿಂದ ಕಲಿತ ನಾವು ಇನ್ನೂ ಬಿಟ್ಟಿಲ್ಲ. ‘ಸುಓ ಮೋಟು’ ಎಂಬುದಕ್ಕೆ ಮಾತ್ರ ಕನ್ನಡ ಪತ್ರಿಕೆಗಳು ‘ಸ್ವಯಂಪ್ರೇರಿತ’ ಎಂದು ಬರೆದು ಬರೆದು ರೂಢಿಗೆ ತಂದಿವೆ. ಮನಸ್ಸು ಮಾಡಿದರೆ ಆಗುತ್ತದೆ.

ಲ್ಯಾಟಿನ್ನಿನ ನಿಜವಾದ ತವರಾಗಿ ಉಳಿದದ್ದು ಕ್ಯಾಥೊಲಿಕ್ ಚರ್ಚು. ನಮ್ಮ ನಾಡಿಗೂ ಅದು ಆ ದಾರಿಯಲ್ಲೇ ಬಂತು. ಮೈಸೂರು ಮಿಷನ್ನಿನ ಪಾದ್ರಿಗಳು ಸಿದ್ಧಪಡಿಸಿದ ಲ್ಯಾಟಿನ್-ಕನ್ನಡ ನಿಘಂಟು ಬೆಂಗಳೂರಿನಲ್ಲಿ 1861ರಲ್ಲಿ ಅಚ್ಚಾಯಿತು. 1960ರ ದಶಕದ ಎರಡನೆಯ ವ್ಯಾಟಿಕನ್ ಸಮ್ಮೇಳನದ ನಂತರ ಪೂಜೆ ಆಯಾ ಜನರ ಭಾಷೆಗೆ ತಿರುಗಿತು. ಹಳೆಯ ಕೆಲವು ವಿಧಿಗಳೂ ಆಗಲೇ ಹೋದವು. ಹೊಸ ಪೋಪರ ಕಿರೀಟಧಾರಣೆಯ ಮೆರವಣಿಗೆಯನ್ನು ಮೂರು ಸಲ ನಿಲ್ಲಿಸಿ, ಅವರ ಕಣ್ಣೆದುರು ಒಂದು ಹಿಡಿ ನಾರನ್ನು ಸುಟ್ಟು, ‘ಸಿಕ್ ತ್ರಾನ್ಸಿತ್ ಗ್ಲೋರಿಯಾ ಮುಂದಿ’ ಎನ್ನುತ್ತಿದ್ದರು: ಲೋಕದ ವೈಭವ ಹೀಗೆ ಹಾದುಹೋಗುತ್ತದೆ. ಪಟ್ಟಕ್ಕೇರುವವನ ಮುಖಕ್ಕೇ ಇದನ್ನು ಹೇಳುವ ಧೈರ್ಯ ಬೇರೆ ಯಾವ ದರ್ಬಾರಿನಲ್ಲಿತ್ತೋ ಕಾಣೆ. ಅದು ಕಡೆಯ ಬಾರಿ ನಡೆದದ್ದು 1963ರಲ್ಲಿ.

ಹಾಗೆಂದು ಆಡುವವರೇ ಇಲ್ಲವೆಂದಲ್ಲ. ಮೈಸೂರಿನಲ್ಲಿ 1970ರಲ್ಲಿ ‘ಸುಧರ್ಮಾ’ ಸಂಸ್ಕೃತ ದಿನಪತ್ರಿಕೆ ಹುಟ್ಟಿದಂತೆ, ಫಿನ್ಲೆಂಡಿನ ಬಾನುಲಿ 1989ರಿಂದ 2019ರವರೆಗೆ ಪ್ರತಿ ವಾರ ಲ್ಯಾಟಿನ್ ವಾರ್ತೆ ಬಿತ್ತರಿಸಿತು. 2013ರ ಫೆಬ್ರುವರಿ 11ರಂದು ವ್ಯಾಟಿಕನ್ನಿನಲ್ಲಿ ಕಾರ್ಡಿನಲ್‌ಗಳ ಸಭೆ. ವರದಿಗಾರರಿಗೆ ಅದೊಂದು ಸಪ್ಪೆ ಕಾರ್ಯಕ್ರಮ. ಹದಿನಾರನೆಯ ಬೆನೆಡಿಕ್ಟ್ ತಗ್ಗಿದ ದನಿಯಲ್ಲಿ ಲ್ಯಾಟಿನ್ ಓದತೊಡಗಿದರು. ಇಟಲಿಯ ಸುದ್ದಿಸಂಸ್ಥೆ ಆನ್ಸಾದ ವರದಿಗಾರ್ತಿ ಜೊವಾನ್ನಾ ಕಿರ್ರಿಗೆ ಲ್ಯಾಟಿನ್ ಬರುತ್ತಿತ್ತು. ಪೋಪರು ಪದವಿ ಬಿಡುತ್ತಿದ್ದಾರೆಂಬುದು, ಸುಮಾರು ಆರುನೂರು ವರ್ಷಗಳಿಂದ ನಡೆಯದೇ ಇದ್ದ ಸಂಗತಿ, ಆಕೆಗೆ ಕೇಳಿದೊಡನೆ ತಿಳಿಯಿತು. ಲೋಕಕ್ಕೆ ಸುದ್ದಿ ಮುಟ್ಟಿಸಿದವರು ಆಕೆಯೇ.