ಉಂಟು, ಇಲ್ಲ, ಎಕ್ಸಿಸ್ಟ್

ಹೋದ ವರ್ಷ ಪದವಿ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ತಮ್ಮ ಊರಿನ ಬಗ್ಗೆ ಕನ್ನಡದಲ್ಲಿ ಒಂದು ವಾಕ್ಯ ಬರೆದು ಅದನ್ನು ಇಂಗ್ಲಿಷಿಗೆ ತರಬೇಕು ಎಂಬುದು ಕೊನೆಯ ಪ್ರಶ್ನೆ. ಒಬ್ಬ ಹುಡುಗ 'ನಮ್ಮ ಊರಲ್ಲಿ ಅಸ್ಪೃಶ್ಯತೆ ಇಲ್ಲ' ಎಂದು ಬರೆದು, ಅದರ ಕೆಳಗೆ 'ಅನ್‌ಟಚಬಿಲಿಟಿ ಈಸ್ ನಾಟ್ ಎಕ್ಸಿಸ್ಟಿಂಗ್ ಇನ್ ಅವರ್ ವಿಲೇಜ್' ಎಂದು ಅನುವಾದ ಮಾಡಿದ್ದ. 'ಈಸ್ ನಾಟ್ ಎಕ್ಸಿಸ್ಟಿಂಗ್' ಎಂಬುದನ್ನು ಹೊಡೆದು, ಮೇಲೆ ಕೆಂಪು ಶಾಯಿಯಲ್ಲಿ 'ಡಸ್ ನಾಟ್ ಎಕ್ಸಿಸ್ಟ್' ಅಂತ ಬರೆದೆ. ಅರ್ಧ ಅಂಕ ಕಳೆದೆ. ಮುಂದಿನ ಪತ್ರಿಕೆ ಕೈಗೆತ್ತಿಕೊಂಡೆ.

ಆ ಹುಡುಗನ ಊರೂ ನನ್ನ ಊರೂ ಒಂದೇ, ಪಂಜದ ಕಡೆ. ನನ್ನ ಅಮ್ಮ ಅಡಿಕೆ ಸುಲಿಯಲು ಹೋಗುವ ಮನೆಯಲ್ಲಿ ಅವಳು ಇಂದಿಗೂ ಅಂಗಳದಿಂದ ಮೇಲೆ ಹತ್ತಿದವಳಲ್ಲ. ಅಜ್ಜಿಯ ಕಾಲದಲ್ಲಿ ಗೆರಟೆಯಲ್ಲಿ ಚಾ ಕೊಡುತ್ತಿದ್ದರಂತೆ. ಅಮ್ಮನಿಗೆ ಸ್ಟೀಲಿನ ಲೋಟವೇ ಉಂಟು, ಆದರೆ ಅದು ಹೊರಗಿನ ಕಿಟಕಿಯ ದಂಡೆಯಲ್ಲಿ ಬೇರೆಯಾಗಿ ಉಂಟು. ಇಷ್ಟೆಲ್ಲ ಗೊತ್ತಿದ್ದ ನಾನು ಅವನ ಸುಳ್ಳನ್ನು ಒಳ್ಳೆಯ ಇಂಗ್ಲಿಷಿನ ಸುಳ್ಳಾಗಿ ತಿದ್ದಿಕೊಟ್ಟಿದ್ದೆ. ಈ ಲೇಖನ ಬರೆಯಲು ಅದೇ ಕಾರಣ. ಎಕ್ಸಿಸ್ಟ್ ಎಂಬ ಆ ಕ್ರಿಯಾಪದವನ್ನು ದಲಿತ ವಿಮರ್ಶೆ ಓದುವವರು, ಬರೆಯುವವರು ಹೇಗೆ ಅರ್ಥ ಮಾಡಿಕೊಳ್ಳಬೇಕು, ಎಲ್ಲಿ ಬಳಸಬೇಕು ಎಂಬುದು ಇಲ್ಲಿನ ವಿಷಯ.

ಮೊದಲು ವ್ಯಾಕರಣ. ಎಕ್ಸಿಸ್ಟ್ ಒಂದು ಕೆಲಸವಲ್ಲ, ಸ್ಥಿತಿ. ಆದ್ದರಿಂದ ಅದಕ್ಕೆ ಸಾಮಾನ್ಯವಾಗಿ 'ಈಸ್ ಎಕ್ಸಿಸ್ಟಿಂಗ್' ಎಂಬ ರೂಪ ಬರುವುದಿಲ್ಲ. ಬರೆಯುತ್ತಿದ್ದೇನೆ ಅನ್ನಬಹುದು, ಇರುತ್ತಿದ್ದೇನೆ ಅಂದರೆ ಕನ್ನಡದಲ್ಲೂ ಬೇರೆಯೇ ಅರ್ಥವಾಗುತ್ತದೆ. ಅದಕ್ಕೆ ಕರ್ಮಪದ ಇಲ್ಲ. ಯಾರನ್ನೂ ಎಕ್ಸಿಸ್ಟ್ ಮಾಡಲಾಗುವುದಿಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ. ಇನ್ನೊಂದು ಸಂಗತಿ, 'ದೇರ್ ಈಸ್' ಎನ್ನುವುದಕ್ಕೂ 'ಎಕ್ಸಿಸ್ಟ್ಸ್' ಎನ್ನುವುದಕ್ಕೂ ಇರುವ ವ್ಯತ್ಯಾಸ. ಕೋಣೆಯಲ್ಲಿ ಕುರ್ಚಿ ಉಂಟು ಅನ್ನುವುದಕ್ಕೆ ಯಾರೂ 'ಎ ಚೇರ್ ಎಕ್ಸಿಸ್ಟ್ಸ್' ಅನ್ನುವುದಿಲ್ಲ. ಕುರ್ಚಿಯ ಬಗ್ಗೆ ತಕರಾರಿಲ್ಲ. ದೇವರು, ಭೂತ, ಜಾತಿ, ಹೀಗೆ ಉಂಟೋ ಇಲ್ಲವೋ ಎಂಬ ಜಗಳ ಇರುವ ಕಡೆ ಆ ಪದ ಎದ್ದು ಬರುತ್ತದೆ. ಎದುರಿಗೆ ಅನುಮಾನಿಸುವವನೊಬ್ಬ ಕೂತಿದ್ದಾನೆ ಎಂಬುದು ಆ ಕ್ರಿಯಾಪದದ ಒಳಗೇ ಇದೆ.

ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಹೊರಗೆ ಬಂದು ನಿಲ್ಲು, ಎದ್ದು ಕಾಣು ಎಂದು. ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಅದರ ಬಳಕೆ ಸಿಗುವುದು 1600ರ ಸುಮಾರಿನಿಂದ. ಹೊರಗೆ ನಿಲ್ಲುವುದೇ ಇರುವುದು ಅಂತಾದರೆ ನಮ್ಮವರಷ್ಟು ಎಕ್ಸಿಸ್ಟ್ ಆದವರು ಬೇರೆ ಯಾರಿದ್ದಾರೆ ಅಂತ ನಿಘಂಟು ನೋಡಿ ನನಗೆ ನಗು ಬಂತು. ಆದರೆ ಪದದ ಹುಟ್ಟಿನಿಂದ ವಾದ ಕಟ್ಟುವುದು ಸುಲಭದ ಚಟ, ಅಲ್ಲಿಗೇ ಬಿಡುತ್ತೇನೆ.

ಕನ್ನಡದಲ್ಲಿ ಇದಕ್ಕೆ ಸಮವಾದ ಒಂದೇ ಪದ ಇಲ್ಲ. ಕಚೇರಿ ಕನ್ನಡ 'ಅಸ್ತಿತ್ವದಲ್ಲಿದೆ' ಎಂಬ ಜೋಡಣೆ ಮಾಡಿಕೊಂಡಿದೆ. ಕಾಯಿದೆ ಅಸ್ತಿತ್ವಕ್ಕೆ ಬರುತ್ತದೆ, ಸಮಿತಿ ಅಸ್ತಿತ್ವದಲ್ಲಿರುತ್ತದೆ. ಹಾಗಂತ ನನ್ನ ಅಮ್ಮ ಅಸ್ತಿತ್ವದಲ್ಲಿದ್ದಾಳೆ ಅಂದರೆ ಮನೆಯವರೇ ನಗುತ್ತಾರೆ. ಬಾಯಿಮಾತಿನಲ್ಲಿ ಇರುವುದು ಇದೆ, ಉಂಟು, ಇಲ್ಲ. ನಮ್ಮ ತುಳುವಿನಲ್ಲಿ ಉಂಡು, ಇಜ್ಜಿ. ಮನುಷ್ಯರಿಗೆ ಬೇರೆ ರೂಪ: ಉಲ್ಲೆ, ಉಲ್ಲೆರ್. ಕಲ್ಲು ಉಂಡು, ಎತ್ತು ಉಂಡು, ಯಜಮಾನರು ಉಲ್ಲೆರ್. ನಮ್ಮ ಜಿಲ್ಲೆಯ ಕನ್ನಡದಲ್ಲಿ ಮಾತ್ರ ಒಂದು ವಿಚಿತ್ರ ನಡೆದಿದೆ. ಕೊಯ್ಲಿನ ಸಮಯಕ್ಕೆ ಫೋನ್ ಬರುತ್ತದೆ: 'ನಾಳೆಗೆ ಜನ ಉಂಟಾ?' ಜನ ಅಂದರೆ ಕೂಲಿಗೆ ಬರುವವರು. ಅವರು ಇದ್ದಾರಾ ಅಂತ ಕೇಳುವುದಿಲ್ಲ, ಗೊಬ್ಬರ ಉಂಟಾ ಎಂದ ಹಾಗೆ ಉಂಟಾ ಎಂದು ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಬುದ್ಧಿ ಇದೆ ಅಂತ ನಾನು ಹೇಳುತ್ತಿಲ್ಲ. ನಾನೂ ಹಾಗೇ ಕೇಳಿದ್ದೇನೆ. ಭಾಷೆ ನಮಗಿಂತ ಮೊದಲೇ ಲೆಕ್ಕ ಹಾಕಿಟ್ಟಿದೆ.

ಇನ್ನೂ ಮುಖ್ಯವಾದ ಮಾತು ಬೇರೆ ಇದೆ. ಇಂಗ್ಲಿಷಿನಲ್ಲಿ ಇರುವುದು ಒಂದು ಕ್ರಿಯಾಪದ, ಹೊಂದಿರುವುದು ಇನ್ನೊಂದು. ಕನ್ನಡದಲ್ಲಿ ಎರಡೂ ಒಂದೇ. ಊರಲ್ಲಿ ಮನೆ ಇದೆ, ನನಗೆ ಮನೆ ಇದೆ. ಹಾಗಾಗಿ ಶ್ರೀಮಂತರಿಗೆ ನಾವು ಇದ್ದವರು, ಉಳ್ಳವರು ಅನ್ನುತ್ತೇವೆ. ಬಡವರಿಗೆ ಇಲ್ಲದವರು ಅನ್ನುತ್ತೇವೆ. ಆಸ್ತಿ ಇಲ್ಲದವರು ಎಂಬುದರಲ್ಲಿ ಆಸ್ತಿ ಬಿಟ್ಟುಹೋಗಿ ಬರೀ ಇಲ್ಲದವರು ಉಳಿದಿದ್ದಾರೆ. ಪಕ್ಕದ ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಚೋಮನ ದುಡಿ' (1933) ಇದೇ ಕ್ರಿಯಾಪದದ ಮೇಲೆ ನಿಂತ ಕಾದಂಬರಿ ಎಂದು ನನಗೆ ಅನ್ನಿಸುತ್ತದೆ. ಚೋಮನಿಗೆ ಎತ್ತು ಉಂಟು, ದುಡಿ ಉಂಟು, ಗೇಣಿಗೆ ಗದ್ದೆ ಇಲ್ಲ. ಗದ್ದೆ ಇಲ್ಲ ಅನ್ನುವುದು ಕೊರತೆಯ ಮಾತಾಗಿ ಶುರುವಾಗುತ್ತದೆ. ಕೊನೆಗೆ ಚೋಮನೇ ಇಲ್ಲ. ಚೋಮನ ಮೇಲಿನ ಅನುಕಂಪದ ಬಗ್ಗೆ ದಲಿತ ವಿಮರ್ಶಕರಿಗೆ ಇರುವ ಸಂಶಯ ನನಗೂ ಇದೆ. ಆದರೆ ಇಲ್ಲದವನು ಹೇಗೆ ಇಲ್ಲವಾಗುತ್ತಾನೆ ಎಂಬುದನ್ನು ಆ ಪುಸ್ತಕ ಬಲ್ಲದು. ಏನೂ ಇಲ್ಲದವನೂ ಇದ್ದಾನೆ ಎಂದು ಹೇಳಬೇಕಾದಾಗ ಇಂಗ್ಲಿಷಿನ ಕ್ರಿಯಾಪದ ನಮಗೆ ಉಪಯೋಗಕ್ಕೆ ಬರುತ್ತದೆ. ಅದು ಆಸ್ತಿ ಕೇಳುವುದಿಲ್ಲ.

ಹಾಗೆಯೇ ಕನ್ನಡದ ಕೈಯಲ್ಲಿರುವ ಒಂದು ಹತ್ಯಾರು ಇಂಗ್ಲಿಷಿನಲ್ಲಿ ಇಲ್ಲ. ಇಲ್ಲ ಮತ್ತು ಅಲ್ಲ ಎಂಬ ಭೇದ ಅದು. 'ನಾನು ಅಸ್ಪೃಶ್ಯ ಅಲ್ಲ' ಎಂದು ದಲಿತ ಹೇಳಿದರೆ ತನಗೆ ಹಚ್ಚಿದ ಹೆಸರನ್ನು ಕಿತ್ತುಹಾಕುತ್ತಿದ್ದಾನೆ. 'ಇಲ್ಲಿ ಅಸ್ಪೃಶ್ಯರು ಇಲ್ಲ' ಎಂದು ಯಜಮಾನ ಹೇಳಿದರೆ ಆ ಜನರನ್ನೇ ಕಿತ್ತುಹಾಕುತ್ತಿದ್ದಾನೆ. ಎರಡಕ್ಕೂ ಇಂಗ್ಲಿಷಿನಲ್ಲಿ 'ನಾಟ್' ಒಂದೇ ಸಾಕು. ನನ್ನ ವಿದ್ಯಾರ್ಥಿಗಳು ಈ ಎರಡು ಮಾತನ್ನೂ ಒಂದೇ ಪ್ರಗತಿಪರ ಮಾತು ಅಂತ ತಿಳಿಯುತ್ತಾರೆ.

ಇದು ಬರೀ ಮಾತಿನ ಚಮತ್ಕಾರವಲ್ಲ. 1932ರಲ್ಲಿ ಲಾರ್ಡ್ ಲೋಥಿಯನ್ ಅಧ್ಯಕ್ಷತೆಯ ಮತಾಧಿಕಾರ ಸಮಿತಿ ಪ್ರಾಂತ್ಯ ಪ್ರಾಂತ್ಯಕ್ಕೆ ಹೋಗಿ ಅಸ್ಪೃಶ್ಯರು ಎಷ್ಟಿದ್ದಾರೆ ಎಂದು ಕೇಳಿತು. ಅಂಬೇಡ್ಕರ್ ಆ ಸಮಿತಿಯ ಸದಸ್ಯರು. ಅಲ್ಲಿಯವರೆಗೆ ಕೋಟಿಗಳ ಲೆಕ್ಕದಲ್ಲಿದ್ದ ಜನ ಕೆಲವು ಪ್ರಾಂತ್ಯಗಳಲ್ಲಿ ಏಕಾಏಕಿ ಕರಗಿಹೋದರು. ನಮ್ಮಲ್ಲಿ ಅಂಥವರು ಇಲ್ಲವೇ ಇಲ್ಲ, ಇದ್ದರೂ ಬೆರಳೆಣಿಕೆ ಎಂದು ಸವರ್ಣರು ಸಾಕ್ಷಿ ಹೇಳಿದರು. ಯಾಕೆ ಎಂಬುದನ್ನು ಅಂಬೇಡ್ಕರ್ ಮುಂದೆ ವಿವರವಾಗಿ ಬರೆದಿದ್ದಾರೆ. ತಲೆಯ ಲೆಕ್ಕಕ್ಕೆ ತಕ್ಕ ಹಾಗೆ ಶಾಸನಸಭೆಯಲ್ಲಿ ಸ್ಥಾನ ಕೊಡುವ ಮಾತು ಬಂದಿತ್ತು. ಬಾವಿಯ ಹತ್ತಿರ ಇದ್ದವರು ಮತಪೆಟ್ಟಿಗೆಯ ಹತ್ತಿರ ಇಲ್ಲ. ನಮ್ಮ ಸುಳ್ಯ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿರುವುದರ ಹಿಂದೆ ಇಂಥ ಎಣಿಕೆಯ ಜಗಳ ಇದೆ ಎಂಬುದು ಇಲ್ಲಿ ಓಟು ಹಾಕುವ ಎಷ್ಟು ಮಂದಿಗೆ ನೆನಪಿದೆಯೋ.

ಅದು ಬ್ರಿಟಿಷರ ಕಾಲ ಅನ್ನುವವರಿಗೆ ಹತ್ತಿರದ ಉದಾಹರಣೆ. ಕೈಯಿಂದ ಮಲ ಬಳಿಯುವುದನ್ನು ನಿಷೇಧಿಸಿದ ಕಾಯಿದೆ 1993ರದು. ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಹಲವು ರಾಜ್ಯಗಳು ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದು ಪ್ರಮಾಣಪತ್ರ ಸಲ್ಲಿಸಿದವು. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾವು ಇದ್ದೇವೆ ಎಂಬ ವಾಕ್ಯವನ್ನು ಅವರು ಹಾಗೆ ಬರೆಯಬೇಕಾಯಿತು. ಮರುವರ್ಷದ ಜನಗಣತಿ ಮನುಷ್ಯರು ಮಲ ಎತ್ತುವ ಪಾಯಿಖಾನೆಗಳಿರುವ ಮನೆ ದೇಶದಲ್ಲಿ ಸುಮಾರು 7.94 ಲಕ್ಷ ಎಂದು ಲೆಕ್ಕ ಕೊಟ್ಟಿತು. ಪಾಯಿಖಾನೆ ಉಂಟು, ಎತ್ತುವವರು ಇಲ್ಲ! ಕೋರ್ಟು 2014ರ ಮಾರ್ಚ್ 27ರಂದು ತೀರ್ಪು ಕೊಟ್ಟಿತು.

ನಿಷೇಧ ಎಂಬುದೂ ಒಂದು ಬಗೆಯ ಉಂಟು. ಕರ್ನಾಟಕ 2000ದಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆ ಮಾಡಿತು. ಅಜಲು ಅಂದರೆ ಏನೆಂದು ಕಾಯಿದೆಯೇ ಬಿಡಿಸಿ ಹೇಳಬೇಕಾಯಿತು: ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. 'ಅಂಥದ್ದೆಲ್ಲ ನಮ್ಮ ಜಿಲ್ಲೆಯಲ್ಲಿ ಎಲ್ಲುಂಟು ಮಾರಾಯ್ರೆ' ಅನ್ನುವವರಿಗೆ ನಾನು ಈ ಕಾಯಿದೆಯ ವ್ಯಾಖ್ಯೆಯನ್ನು ತೋರಿಸುತ್ತೇನೆ.

ಕೊರಗರ ಮಾತು ಬಂದದ್ದರಿಂದ ತುಳುವಿನ ಇನ್ನೊಂದು ಜೋಡಿಯನ್ನು ಹೇಳಲೇಬೇಕು. ಜೋಗ ಮತ್ತು ಮಾಯ. ಮೈಯಲ್ಲಿ, ಕಣ್ಣಿಗೆ ಕಾಣುವ ಹಾಗೆ ಇರುವುದು ಜೋಗ. ಕಾಣದ ಹಾಗೆ ಇರುವುದು ಮಾಯ. ಮಾಯವಾಗುವುದು ಅಂದರೆ ಇಲ್ಲವಾಗುವುದಲ್ಲ, ಇರುವ ಬಗೆ ಬದಲಾಗುವುದು. ಎಕ್ಸಿಸ್ಟ್ ಎಂಬ ಒಂದೇ ಪದದಲ್ಲಿ ಈ ಎರಡನ್ನೂ ತುಂಬಿಸಲಾಗುವುದಿಲ್ಲ. ಕೊರಗ ತನಿಯ ಜೋಗದಲ್ಲಿದ್ದಾಗ ದೇವಸ್ಥಾನದ ಹೊರಗೆ ನಿಂತವನು, ಮಾಯಕ್ಕೆ ಸಂದ ಮೇಲೆ ಎಲ್ಲ ಜಾತಿಯವರ ಕೊರಗಜ್ಜ. ಇಂದು ಅವನ ಚಿತ್ರ ಕಾರಿನ ಗಾಜಿನ ಮೇಲೂ ಉಂಟು. ಇದನ್ನು ದಲಿತ ಸಂಸ್ಕೃತಿಯ ಗೆಲುವು ಎಂದು ಕೊಂಡಾಡುವ ಲೇಖನಗಳನ್ನು ಓದಿದ್ದೇನೆ. ನನಗೆ ಅಷ್ಟು ಸಂತೋಷವಾಗುವುದಿಲ್ಲ. ಮಾಯದಲ್ಲಿ ಒಪ್ಪಿಕೊಳ್ಳುವುದಕ್ಕೆ ಖರ್ಚಿಲ್ಲ. ಕೇಳಬೇಕಾದದ್ದು ಜೋಗದಲ್ಲಿರುವ ಕೊರಗನ ಜಾಗ.

ಆಗ ಬಿಟ್ಟ ಮಾತಿಗೆ ಬರುತ್ತೇನೆ. ಎಕ್ಸಿಸ್ಟ್‌ಗೆ ಕರ್ಮಪದ ಇಲ್ಲ ಎಂದೆ. ಅದರಿಂದಾಗಿ ಮಾಡುವವನೂ ತಪ್ಪಿಸಿಕೊಳ್ಳುತ್ತಾನೆ. 'ಕ್ಯಾಸ್ಟ್ ಎಕ್ಸಿಸ್ಟ್ಸ್' ಎಂದರೆ ಮಳೆ ಇದೆ, ಬೆಟ್ಟ ಇದೆ ಎಂದ ಹಾಗೆ. ಯಾರು ನಡೆಸುತ್ತಿದ್ದಾರೆ? ವಾಕ್ಯದಲ್ಲಿ ಅವನಿಗೆ ಜಾಗವೇ ಇಲ್ಲ. ಸಂವಿಧಾನದ 17ನೇ ವಿಧಿ ಈ ಬಲೆಗೆ ಬೀಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಅಸ್ಪೃಶ್ಯತೆ ಉಂಟು ಇಲ್ಲ ಎಂಬ ಚರ್ಚೆಗೆ ಹೋಗದೆ ಅದನ್ನು ರದ್ದು ಮಾಡಿತು, ಆಚರಣೆಯನ್ನು ನಿಷೇಧಿಸಿತು. ಆಚರಣೆ ಎಂದಾಗ ಆಚರಿಸುವವನೊಬ್ಬ ಬರಲೇಬೇಕು. ಆದ್ದರಿಂದ ನನ್ನ ಸಲಹೆ ಇಷ್ಟು: ಇಲ್ಲ ಎನ್ನುವವನ ಎದುರು ಎಕ್ಸಿಸ್ಟ್ ಬಳಸಿ. ಅವನು ಒಪ್ಪಿದ ಕೂಡಲೇ ಅದನ್ನು ಬಿಟ್ಟು, ಮಾಡುವವನನ್ನು ಕರೆತರುವ ಕ್ರಿಯಾಪದಕ್ಕೆ ಹೋಗಿ.

2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಒಳಮೀಸಲಾತಿ ಸಮೀಕ್ಷೆಗೆ ಮನೆಗೆ ಬಂದವರು ಅಮ್ಮನ ಹತ್ತಿರ 'ಆದಿದ್ರಾವಿಡ ಅಂತ ಬರೆದರೆ ಸಾಲದು, ಮೂಲ ಜಾತಿ ಯಾವುದು' ಎಂದು ಕೇಳಿದರಂತೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾವು ಇಷ್ಟು ದಿನ ಇದ್ದೆವಲ್ಲ, ಆವಾಗ ಎಂತ ಬರೆದಿದ್ದಾರೆ?' ಎಂದು ಕೇಳಿದಳಂತೆ. ಅದಕ್ಕೆ ಬಂದವರು ಏನು ಹೇಳಿದರೆಂದು ಅವಳಿಗೆ ನೆನಪಿಲ್ಲ.

ಆ ಹುಡುಗನ ಪತ್ರಿಕೆಯನ್ನು ಹಿಂದೆ ಕೊಡುವಾಗ ಕಾರಿಡಾರಿನಲ್ಲಿ ಕರೆದು, ವಾಕ್ಯ ಇನ್ನೊಮ್ಮೆ ಬರೆಯಲು ಹೇಳಿದೆ. 'ಗ್ರಾಮರ್ ಸರಿ ಮಾಡಿದ್ದೀರಲ್ಲ ಸರ್?' ಅಂದ. ಗ್ರಾಮರ್ ಸರಿ ಉಂಟು, ಊರು ಸರಿ ಉಂಟಾ ನೋಡಿ ಬರೆ ಅಂದೆ. ಎರಡು ದಿನ ಕಳೆದು ತಂದುಕೊಟ್ಟ. ಎರಡು ವಾಕ್ಯ ಇತ್ತು. ನಮ್ಮ ಊರಲ್ಲಿ ಅಸ್ಪೃಶ್ಯತೆ ಉಂಟು, ಆದರೆ ಮಾಡುವವರು ಯಾರೂ ಇಲ್ಲ. ಇಂಗ್ಲಿಷೂ ಸರಿಯಾಗಿತ್ತು, 'ಎಕ್ಸಿಸ್ಟ್ಸ್' ಎಂದು ಕೊನೆಯ ಎಸ್ ಸಮೇತ ಬರೆದಿದ್ದ. 'ಯಾರೂ ಇಲ್ಲವಾ?' ಎಂದೆ. ಅವನು ನೆಲ ನೋಡಿದ. 'ಮನೆಯಲ್ಲಿ ಅಜ್ಜಿ ಇದ್ದಾರೆ ಸರ್' ಅಂದ.