ಪಿಟೀಲು ಕೋಲ್ಮನ್

ಪಿಟೀಲು ಚೌಡಯ್ಯನವರ ಹೆಸರು ನೀವೆಲ್ಲ ಕೇಳಿದ್ದೀರಿ. ಈ ಪಿಟೀಲು ಅನ್ನೋ ಮಾತು ಇಂಗ್ಲಿಷಿನ ಫಿಡಲ್ ಪದದಿಂದ ಬಂದದ್ದು ಎಂದು ನಮ್ಮ ಮೇಷ್ಟ್ರು ಹೇಳಿದರು. ಐರ್ಲೆಂಡ್ ದೇಶದ ಹಳ್ಳಿಗಳಲ್ಲಿ ಇವತ್ತಿಗೂ ಅದನ್ನು ಫಿಡಲ್ ಅಂತಲೇ ಕರೆಯುತ್ತಾರೆ. ಅಲ್ಲಿಯ ಹೆಸರಾಂತ ಪಿಟೀಲುಗಾರ ಮೈಕೆಲ್ ಕೋಲ್ಮನ್ ಅವರ ವಿಷಯ ಬರೆಯುತ್ತೇನೆ.

ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಸ್ಲೈಗೊ ಜಿಲ್ಲೆಯ ಕಿಲಾವಿಲ್ ಎಂಬಲ್ಲಿ. ಬೇಸಾಯದ ಮನೆ. ಅಪ್ಪ ಕೊಳಲು ಊದುತ್ತಿದ್ದರು, ಅಣ್ಣ ಜಿಮ್ ಪಿಟೀಲು ನುಡಿಸುತ್ತಿದ್ದರು. ಆ ಕಾಲದಲ್ಲಿ ಸಂಗೀತಕ್ಕೆ ಸಭೆ ಗಿಭೆ ಬೇಕಿರಲಿಲ್ಲ. ರಾತ್ರಿ ಯಾರದಾದರೂ ಮನೆಯ ಅಡುಗೆಮನೆಯಲ್ಲಿ ಜನ ಸೇರೋದು, ಒಬ್ಬರು ನುಡಿಸೋದು, ಉಳಿದವರು ಕುಣಿಯೋದು. ಪುಸ್ತಕ ನೋಡಿ ಕಲಿಯುವವರು ಕಡಿಮೆ. ಕಿವಿಯಲ್ಲಿ ಕೇಳಿ ಬೆರಳಿಗೆ ತಂದುಕೊಳ್ಳಬೇಕು. ನಮ್ಮವರು ನೆಲದ ಮೇಲೆ ಕೂತು ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿಕೊಳ್ಳುತ್ತಾರಲ್ಲವೇ? ಅವರು ಕುರ್ಚಿಯಲ್ಲಿ ಕೂತು ಗದ್ದದ ಕೆಳಗೆ ಇಟ್ಟುಕೊಳ್ಳುತ್ತಾರೆ. ತಾಳ ಕಾಲಲ್ಲಿ.

1914ರಲ್ಲಿ ಕೋಲ್ಮನ್ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಐರ್ಲೆಂಡಿನ ಎಷ್ಟೋ ಬಡವರು ಹೀಗೇ ಹೋಗುತ್ತಿದ್ದರು. ಮೊದಲು ನಾಟಕಶಾಲೆಗಳಲ್ಲಿ ನುಡಿಸಿದರು, ಆಮೇಲೆ ನ್ಯೂಯಾರ್ಕಿನಲ್ಲಿ ನೆಲೆಸಿದರು. 1921ರಿಂದ 1936ರೊಳಗೆ ಸುಮಾರು 80 ಗ್ರಾಮಫೋನ್ ಪ್ಲೇಟು ಕೊಟ್ಟರು.

ಆ ಪ್ಲೇಟು ನಿಮಿಷಕ್ಕೆ 78 ಸುತ್ತು ಸುತ್ತುತ್ತದೆ. ಒಂದು ಬದಿಗೆ ಮೂರು ನಿಮಿಷ ಮಾತ್ರ ಹಿಡಿಯುತ್ತದೆ. 1925ಕ್ಕೆ ಮುಂಚೆ ಮೈಕು ಇರಲಿಲ್ಲ, ಕಹಳೆಯಂಥ ಕೊಳವೆಯ ಮುಂದೆ ನುಡಿಸಬೇಕಿತ್ತು. ಮಧ್ಯೆ ತಪ್ಪಿದರೆ ತೇಪೆ ಹಾಕುವ ಹಾಗಿಲ್ಲ, ಮತ್ತೆ ಮೊದಲಿಂದ! ಜೊತೆಗೆ ಪಿಯಾನೋ ಬಾರಿಸುವವರಿಗೆ ಎಷ್ಟೋ ಸಲ ಆ ಮಟ್ಟೇ ಗೊತ್ತಿರುತ್ತಿರಲಿಲ್ಲವಂತೆ. ಅವರು ಎಲ್ಲೋ, ಇವರು ಎಲ್ಲೋ. ಆದರೂ ಕೋಲ್ಮನ್ ತಮ್ಮ ದಾರಿ ಬಿಡುವುದಿಲ್ಲ.

ಅಮೆರಿಕದಲ್ಲಿದ್ದವರು ಈ ಪ್ಲೇಟುಗಳನ್ನು ಊರಿಗೆ ಕಳಿಸಿದರು. ಗ್ರಾಮಫೋನ್ ಇದ್ದ ಮನೆಯಲ್ಲಿ ಜನವೋ ಜನ. ಹುಡುಗರು ಕೇಳಿ ಕೇಳಿ ಹಾಗೇ ನುಡಿಸಲು ಕಲಿತರು. 1934ರಲ್ಲಿ ಅವರು ಟಾರ್ಬೋಲ್ಟನ್ ಎಂಬ ಮಟ್ಟಿನ ಜೊತೆ ಇನ್ನೆರಡು ಸೇರಿಸಿ ನುಡಿಸಿದ್ದರು. ಆ ಮೂರನ್ನೂ ಈಗಲೂ ಅದೇ ಸಾಲಿನಲ್ಲಿ ನುಡಿಸುವವರಿದ್ದಾರೆ.

ಇಲ್ಲಿ ಒಂದು ತೊಂದರೆಯೂ ಆಯಿತು. ಡೊನೆಗಾಲ್, ಕ್ಲೇರ್, ಕೆರಿ ಮುಂತಾದ ಜಿಲ್ಲೆಗಳಲ್ಲಿ ಕಮಾನು ಎಳೆಯುವ ರೀತಿ ಒಂದೊಂದು ಕಡೆ ಒಂದೊಂದು ಥರ ಇತ್ತು. ಕೋಲ್ಮನ್ ಪ್ಲೇಟು ಬಂದಮೇಲೆ ತುಂಬಾ ಜನ ತಮ್ಮೂರಿನ ರೀತಿ ಬಿಟ್ಟು ಸ್ಲೈಗೊ ರೀತಿ ಹಿಡಿದರು. ನಮ್ಮದೇನು ಮಹಾ ಎಂದು ಕೆಲವರು ಪಿಟೀಲನ್ನೇ ಮೂಲೆಗಿಟ್ಟರಂತೆ. ಇದು ಕೋಲ್ಮನ್ ತಪ್ಪಲ್ಲ. ಆದರೂ ನನಗೆ ಬೇಜಾರಾಯಿತು.

ಕೋಲ್ಮನ್ 1945ರಲ್ಲಿ ನ್ಯೂಯಾರ್ಕಿನಲ್ಲೇ ತೀರಿಕೊಂಡರು. ಈಗ ಸ್ಲೈಗೊದ ಗರ್ಟೀನ್ ಊರಲ್ಲಿ ಅವರ ಹೆಸರಿನ ಸಂಗೀತ ಕೇಂದ್ರ ಇದೆ.

ಮೇಷ್ಟ್ರು ಮೊಬೈಲಿನಲ್ಲಿ ಕೇಳಿಸಿದರು. ಮೊದಲು ಒಗ್ಗರಣೆ ಹಾಕಿದ ಹಾಗೆ ಚರ್ ಎನ್ನುವ ಸದ್ದು, ಅದರ ಒಳಗಿಂದ ಪಿಟೀಲು. ಎರಡನೇ ಸಲ ಕೇಳುವಾಗ ನನ್ನ ಕಾಲು ತಾನಾಗೇ ತಾಳ ಹಾಕುತ್ತಿತ್ತು. ಆಗ ಮೇಷ್ಟ್ರು ಹೇಳಿದರು, ತಮ್ಮನಿಗಿಂತ ಅಣ್ಣನೇ ಚೆನ್ನಾಗಿ ನುಡಿಸುತ್ತಿದ್ದ ಅಂತ ಅವರ ಊರಿನ ಹಿರಿಯರು ಹೇಳುತ್ತಿದ್ದರಂತೆ. "ಅಣ್ಣಂದು ಹಾಕಿ ಸಾರ್" ಅಂದೆ.

"ಅದು ಇಲ್ಲ ಕಣೋ. ಅವನದು ಯಾರೂ ಪ್ಲೇಟು ಮಾಡಲಿಲ್ಲ" ಅಂದರು.

ಅವತ್ತು ಸಂಜೆ ಅಪ್ಪನ ಮೊಬೈಲ್ ಇಸಕೊಂಡು ನಮ್ಮಜ್ಜಿಯ ಸೋಬಾನೆ ಪದ ಹಿಡಿದೆ. ಕೆಮ್ಮು, ಕೋಳಿ ಕೂಗು ಎಲ್ಲಾ ಬಿದ್ದಿದೆ.